ದಂಡನೀತಿಯ ತಳಹದಿ

(ಶಿಕ್ಷಕರೂ ನಾಗರಿಕರೂ ನೆರೆದ ಸಭೆಯೊಂದರಲ್ಲಿ ಮಾಡಿದ ಭಾಷಣ)



ಫೌಜದಾರಿ ನ್ಯಾಯಪದ್ಧತಿಯು ಯಾವ ತಳಹದಿಯ ಮೇಲೆ ನಿಂತಿದೆಯೆಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಆಡಬೇಕೆಂದು ಸಂಚಾಲಕರು ನಮಗೆ ಅಪ್ಪಣೆ ಮಾಡಿರುವರು. ವಿಷಯವು ಒಣದೆಂದೂ, ವಕೀಲರ ಕೊಠಡಿಯ ಹೊರಗೆ ಅದಕ್ಕೆ ಕೆಲಸವಿಲ್ಲವೆಂದೂ ಕೆಲವರು ಭಾವಿಸಬಹುದು. ಆದರೆ ದಿವಾಣಿ ಖಟ್ಲೆಯಲ್ಲಿ ಸೋತವನು ಹೊಲವನ್ನೋ ಹಣವನ್ನೋ ಕಳೆದುಕೊಳ್ಳುವನು. ಫೌಜದಾರಿ ಖಟ್ಲೆಯಲ್ಲಿ ಸಿಕ್ಕಿದವನು ಸ್ವಾತಂತ್ರ್ಯವನ್ನೂ ಮಾನವನ್ನೂ, ಒಮ್ಮೊಮ್ಮೆ ಪ್ರಾಣವನ್ನೂ ಕಳೆದುಕೊಳ್ಳುವನು. ಇಂತಹ ಆಪತ್ತು ಕಳ್ಳನಿಗೆ ಮಾತ್ರ ಬರತಕ್ಕದ್ದೆಂದು ನಂಬಿ ಯಾರೂ ನೆಮ್ಮದಿಯಿಂದ ಇರುವಂತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯನ್ನು ನಮ್ಮ ಹಿರಿಯರು ಅನುಭವವಿಲ್ಲದೆ ಮಾಡಿದ್ದಲ್ಲ.

ನಾವು ಹೇಳಬೇಕೆಂದಿರುವುದು ಒಂದೇ ಮಾತು. ದಂಡಿಸುವ ಬಲವು ಯಾವ ರಾಜ್ಯಕ್ಕಾದರೂ ಇದ್ದೇ ಇರುತ್ತದೆ. ದರೋಡೆಕೋರರ ನಾಯಕನಿಗೂ ಅದು ಉಂಟು. ಆ ಬಲವನ್ನು ನಿಯಮಗಳಿಂದ ಕಟ್ಟಿದಲ್ಲಿ ಮಾತ್ರ ಅದು ನ್ಯಾಯವೆನಿಸುತ್ತದೆ. ಆದುದರಿಂದ ದಂಡನೀತಿಯ ತಳಹದಿಯು ಶಿಕ್ಷೆಯ ಕಾಠಿಣ್ಯದಲ್ಲಿಲ್ಲ. ಶಿಕ್ಷಿಸುವ ಕೈಗೆ ಹಾಕಿದ ಕಟ್ಟಿನಲ್ಲಿದೆ.

ಈ ಕಟ್ಟು ಪರದೇಶದಿಂದ ಬಂದ ಸರಕೆಂದು ಕೆಲವರು ತಿಳಿದಿರುವರು. ಇದು ಪೂರ್ಣ ಸತ್ಯವಲ್ಲ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬೀದರ ಜಿಲ್ಲೆಯಲ್ಲಿರುವ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ದಾಯಭಾಗದ ವಿಚಾರದಲ್ಲಿ ಅದರ ಕೀರ್ತಿಯನ್ನು ಎಲ್ಲರೂ ಬಲ್ಲರು. ಅದರ ವ್ಯವಹಾರಭಾಗವನ್ನು ನೋಡಿದವರು ಕಡಿಮೆ. ವ್ಯವಹಾರಕ್ಕೆ ನಾಲ್ಕು ಪಾದಗಳೆಂದು ಅಲ್ಲಿ ಹೇಳಿದೆ. ವಾದಿಯ ಹೇಳಿಕೆಯು ಮೊದಲನೆಯದು, ಪ್ರತಿವಾದಿಯ ಉತ್ತರವು ಎರಡನೆಯದು, ಪ್ರಮಾಣವನ್ನು ಮುಂದಿಡುವುದು ಮೂರನೆಯದು, ನಿರ್ಣಯವು ನಾಲ್ಕನೆಯದು. ಈ ಕ್ರಮವನ್ನು ಗಮನಿಸಿರಿ. ಉತ್ತರವನ್ನು ಕೇಳುವ ಮೊದಲು ಪ್ರಮಾಣವಿಲ್ಲ, ಪ್ರಮಾಣವನ್ನು ನೋಡುವ ಮೊದಲು ನಿರ್ಣಯವಿಲ್ಲ. ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳು. ಅವು ದೊರೆಯದಿದ್ದಾಗ ದಿವ್ಯ.

ಹಾಗೆಂದು ಹಳೆಯದೆಲ್ಲವೂ ಚಿನ್ನವೆಂದು ನಾವು ಹೇಳುವವರಲ್ಲ. ಕಾದ ಕಬ್ಬಿಣವನ್ನು ಹಿಡಿಯಿಸಿ ಸತ್ಯವನ್ನು ಹುಡುಕುವುದನ್ನು ಇಂದು ಯಾರೂ ಒಪ್ಪಲಾರರು. ಅದಕ್ಕಿಂತಲೂ ದೊಡ್ಡ ದೋಷವೆಂದರೆ, ಒಂದೇ ಅಪರಾಧಕ್ಕೆ ಮಾಡಿದವನ ವರ್ಣವನ್ನೂ ಅನುಭವಿಸಿದವನ ವರ್ಣವನ್ನೂ ನೋಡಿ ದಂಡವನ್ನು ಏರಿಳಿಸುವ ಪದ್ಧತಿ. ಕ್ರಮವು ನಮ್ಮಲ್ಲಿತ್ತು, ಸಮತೆಯು ಇರಲಿಲ್ಲ.

ಕಂಪನಿ ಸರಕಾರದ ಕಾಲಕ್ಕೆ ಬಂದರೆ, ಕನ್ನಡ ನಾಡು ಕಾಯಿದೆಯ ದೃಷ್ಟಿಯಿಂದಲೂ ಹರಿದು ಹಂಚಿಹೋಗಿತ್ತು. ಧಾರವಾಡದಲ್ಲಿ ಮುಂಬಯಿಯ ೧೮೨೭ರ ರೆಗ್ಯುಲೇಶನ್ ನಡೆಯುತ್ತಿತ್ತು. ತುಂಗಭದ್ರೆಯನ್ನು ದಾಟಿ ಬಳ್ಳಾರಿಗೆ ಹೋದರೆ ಮದರಾಸಿನ ರೆಗ್ಯುಲೇಶನ್ನುಗಳಿಂದ ತಿದ್ದಲ್ಪಟ್ಟ ಮುಸಲ್ಮಾನೀ ದಂಡಶಾಸ್ತ್ರ. ಮೈಸೂರು, ಹೈದರಾಬಾದು ಸಂಸ್ಥಾನಗಳ ದಾರಿ ಬೇರೆ. ಹೊಳೆಯ ಈಚೆಯ ದಡದಲ್ಲಿ ಒಂದು ಕಾನೂನು, ಆಚೆಯ ದಡದಲ್ಲಿ ಮತ್ತೊಂದು. ೧೮೩೩ರ ಸನದು ಕಾಯಿದೆಯ ತರುವಾಯ ಮೆಕಾಲೆಯ ಅಧ್ಯಕ್ಷತೆಯಲ್ಲಿ ಕಾನೂನು ಆಯೋಗವೇರ್ಪಟ್ಟು, ೧೮೩೭ರಲ್ಲಿ ದಂಡಸಂಹಿತೆಯ ಕರಡು ಸಿದ್ಧವಾಯಿತು. ಅದು ಕಪಾಟಿನಲ್ಲಿ ಇಪ್ಪತ್ತಕ್ಕೂ ಮಿಕ್ಕಿದ ವರ್ಷ ಮಲಗಿದ್ದು, ೧೮೬೦ರಲ್ಲಿ ಕಾಯಿದೆಯಾಗಿ, ೧೮೬೨ರ ಜನವರಿ ೧ರಿಂದ ಜಾರಿಗೆ ಬಂದಿತು. ೧೮೬೧ರಲ್ಲಿ ಫೌಜದಾರಿ ಕಾರ್ಯವಿಧಾನದ ಕಾಯಿದೆಯೂ ಪೋಲೀಸ ಕಾಯಿದೆಯೂ, ೧೮೭೨ರಲ್ಲಿ ಸ್ಟೀಫನ್ನನು ರಚಿಸಿದ ಸಾಕ್ಷ್ಯದ ಕಾಯಿದೆಯೂ ಬಂದವು.

ಯಾವುದು ಅಪರಾಧವೆಂದು ದಂಡಸಂಹಿತೆ ಹೇಳುತ್ತದೆ. ಹೇಗೆ ವಿಚಾರಿಸಬೇಕೆಂದು ಕಾರ್ಯವಿಧಾನ ಹೇಳುತ್ತದೆ. ಯಾವುದನ್ನು ನಂಬಬಹುದೆಂದು ಸಾಕ್ಷ್ಯದ ಕಾಯಿದೆ ಹೇಳುತ್ತದೆ. ಈ ಮೂರು ಕಲ್ಲುಗಳ ಮೇಲೆ ನೂರೈವತ್ತು ವರ್ಷ ಒಲೆ ಉರಿಯಿತು. ಎಲ್ಲರಿಗೂ ಒಂದೇ ದಂಡವೆಂಬ ಮಾತು ಕಾಗದದ ಮೇಲೆ ಬಂದರೂ, ಯುರೋಪಿಯನ್ ಆರೋಪಿಗೆ ವಿಚಾರಣೆಯಲ್ಲಿ ವಿಶೇಷ ಸೌಲಭ್ಯಗಳು ಉಳಿದವು. ೧೮೮೩ರ ಇಲ್ಬರ್ಟ್ ಮಸೂದೆಯ ಗದ್ದಲವು ಎದ್ದುದು ಇದಕ್ಕಾಗಿಯೇ. ಆ ಭೇದವನ್ನು ಪೂರ್ಣವಾಗಿ ಅಳಿಸಲು ಸ್ವತಂತ್ರ ಭಾರತದ ೧೯೪೯ರ ಕಾಯಿದೆಯೇ ಬರಬೇಕಾಯಿತು.

ಇನ್ನು ತಳಹದಿಯ ಕಲ್ಲುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ಕಾನೂನಿಲ್ಲದೆ ಅಪರಾಧವಿಲ್ಲ. ನಿನ್ನೆ ತಪ್ಪಲ್ಲದ ಕೆಲಸವನ್ನು ಇಂದು ತಪ್ಪೆಂದು ಸಾರಿ ನಿನ್ನೆ ಮಾಡಿದವನನ್ನು ಹಿಡಿಯುವಂತಿಲ್ಲ. ಸಂವಿಧಾನದ ೨೦ನೆಯ ಅನುಚ್ಛೇದವು ಇದನ್ನು ಸ್ಪಷ್ಟಪಡಿಸಿದೆ. ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷಿಸಬಾರದೆಂಬುದೂ, ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಬಲವಂತಪಡಿಸಬಾರದೆಂಬುದೂ ಅಲ್ಲಿಯೇ ಇದೆ.

ಎರಡನೆಯದು, ಆರೋಪ ಹೊರಿಸಿದವನೇ ಅದನ್ನು ರುಜುಪಡಿಸತಕ್ಕದ್ದು. ತಾನು ನಿರ್ದೋಷಿಯೆಂದು ಆರೋಪಿಯು ತೋರಿಸಬೇಕಾಗಿಲ್ಲ. ೧೯೩೫ರಲ್ಲಿ ವುಲ್ಮಿಂಗ್ಟನ್ ಖಟ್ಲೆಯಲ್ಲಿ ಇಂಗ್ಲೆಂಡಿನ ಲಾರ್ಡುಗಳ ಸಭೆಯು ಇದನ್ನು ಆ ದೇಶದ ದಂಡನ್ಯಾಯವನ್ನೆಲ್ಲ ಕಟ್ಟಿಹಿಡಿದ ಬಂಗಾರದ ಎಳೆಯೆಂದು ಎತ್ತಿಹಿಡಿಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಅಜ್ಜಿಯರು ಹೇಳಿದ್ದರ ಅರ್ಥವೂ ಇದೇ. ಇದರಿಂದ ಕೆಲವು ಅಪರಾಧಿಗಳು ತಪ್ಪಿಸಿಕೊಳ್ಳುವರೆಂಬ ಆಕ್ಷೇಪಣೆಯುಂಟು. ಅಹುದು, ತಪ್ಪಿಸಿಕೊಳ್ಳುವರು. ಆದರೆ ನಿರಪರಾಧಿಯೊಬ್ಬನು ಜೈಲಿಗೆ ಹೋದಾಗ ನಿಜವಾದ ಅಪರಾಧಿಯೂ ತಪ್ಪಿಸಿಕೊಂಡೇ ಇರುತ್ತಾನೆ. ಅಲ್ಲಿ ಅನ್ಯಾಯವು ಇಮ್ಮಡಿಯಾಗುತ್ತದೆ.

ಮೂರನೆಯದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಪೋಲೀಸ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯು ಆರೋಪಿಯ ವಿರುದ್ಧ ಪುರಾವೆಯಾಗಲಾರದು. ಇಷ್ಟು ಕಟ್ಟುನಿಟ್ಟಾದ ನಿಯಮವು ಪರಸರಕಾರವು ಮಾಡಿದ ಕಾಯಿದೆಯಲ್ಲಿ ಏಕೆ ಬಂದಿತು? ಮದರಾಸು ಪ್ರಾಂತದಲ್ಲಿ ನಡೆಯುವ ಚಿತ್ರಹಿಂಸೆಯನ್ನು ವಿಚಾರಿಸಲು ನೇಮಿಸಿದ ಆಯೋಗವು ೧೮೫೫ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಬಳ್ಳಾರಿ, ಕನ್ನಡ ಜಿಲ್ಲೆಗಳು ಆಗ ಆ ಪ್ರಾಂತಕ್ಕೇ ಸೇರಿದ್ದವೆಂಬುದನ್ನು ನೆನಪಿಡಬೇಕು. ಕಂದಾಯ ವಸೂಲಿಗಾಗಿಯೂ ತಪ್ಪೊಪ್ಪಿಗೆಯನ್ನು ಹೊರಡಿಸುವುದಕ್ಕಾಗಿಯೂ ಬೆರಳುಗಳನ್ನು ಕಿಟ್ಟಿಗೆ ಹಾಕಿ ಹಿಂಡುವುದು, ತಲೆಯನ್ನು ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು ಮುಂತಾದ ಹಿಂಸೆಗಳು ನಡೆಯುತ್ತಿದ್ದುದನ್ನು ಆ ವರದಿಯು ಬಯಲಿಗಿಟ್ಟಿತು. ಅದಾದ ಆರು ವರ್ಷಗಳಲ್ಲಿ ಬಂದ ೧೮೬೧ರ ಕಾರ್ಯವಿಧಾನದಲ್ಲಿ ಈ ನಿಷೇಧವು ಸೇರಿತು. ೧೮೭೨ರಲ್ಲಿ ಸಾಕ್ಷ್ಯದ ಕಾಯಿದೆಯ ೨೫ನೆಯ ಕಲಮಾಯಿತು. ಅಂದಿನ ರೈತನ ನಜ್ಜಾದ ಬೆರಳುಗಳೇ ಈ ಕಲಮಿನ ಮೂಲವೆಂದು ನಾವು ಹೇಳುವೆವು. ಒಪ್ಪಿಗೆಯೊಂದರಿಂದಲೇ ಕೆಲಸವಾಗುವುದಾದರೆ, ಬಿಸಿಲಲ್ಲಿ ಅಲೆದು ಸಾಕ್ಷಿ ಹುಡುಕುವ ಶ್ರಮವನ್ನು ಯಾವ ಠಾಣೆಯವನು ತಾನೇ ತೆಗೆದುಕೊಳ್ಳುವನು? ಆ ಹೇಳಿಕೆಯಿಂದ ಕದ್ದ ಒಡವೆಯೋ ಆಯುಧವೋ ಪತ್ತೆಯಾದರೆ, ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಭಾಗವನ್ನು ಮಾತ್ರ ಕಾಯಿದೆಯು ಒಪ್ಪುತ್ತದೆ. ಇದರ ಮಿತಿಯನ್ನು ಪ್ರಿವಿ ಕೌನ್ಸಿಲು ಗೊತ್ತುಪಡಿಸಿತು.

ನಾಲ್ಕನೆಯದು, ಬಂಧನಕ್ಕೆ ಲೆಕ್ಕ ಕೊಡಬೇಕು. ೨೨ನೆಯ ಅನುಚ್ಛೇದದ ಪ್ರಕಾರ, ಹಿಡಿದವನಿಗೆ ಹಿಡಿದ ಕಾರಣವನ್ನು ತಿಳಿಸಬೇಕು. ತಾನು ಮೆಚ್ಚಿದ ವಕೀಲನನ್ನು ಕಾಣಗೊಡಬೇಕು. ಪ್ರಯಾಣದ ವೇಳೆಯನ್ನು ಬಿಟ್ಟು ೨೪ ತಾಸುಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಾಮಾನ್ಯ ಕಾಯಿದೆಯಲ್ಲಿ ಮೊದಲೇ ಇತ್ತು. ಸಾಮಾನ್ಯ ಕಾಯಿದೆಯನ್ನು ಶಾಸನಸಭೆಯು ಯಾವಾಗ ಬೇಕಾದರೂ ಬದಲಿಸಬಹುದಾದುದರಿಂದ, ೧೯೪೯ರಲ್ಲಿ ಡಾಕ್ಟರ್ ಅಂಬೇಡ್ಕರರು ಇದನ್ನು ಸಂವಿಧಾನದೊಳಕ್ಕೆ ತಂದು ಭದ್ರಪಡಿಸಿದರು. ಮುನ್ನೆಚ್ಚರಿಕೆಯ ಬಂಧನಕ್ಕೆ ಅದೇ ಅನುಚ್ಛೇದದಲ್ಲಿ ಬಾಗಿಲು ತೆರೆದಿರುವುದನ್ನೂ ನಾವು ಮರೆಮಾಚಲಾರೆವು.

ಐದನೆಯ ಕಲ್ಲು ನಮ್ಮ ಹೃದಯಕ್ಕೆ ಬಹಳ ಹತ್ತಿರವಾದುದು. ಆರೋಪಿಯು ತನ್ನ ವಿಚಾರಣೆಯನ್ನು ತಾನು ತಿಳಿದುಕೊಳ್ಳಬೇಕು. ಆರೋಪವನ್ನು ಓದಿ ವಿವರಿಸಬೇಕೆಂದೂ, ಅವನಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯವು ನಡೆದರೆ ಅವನು ಬಲ್ಲ ಭಾಷೆಯಲ್ಲಿ ಬಹಿರಂಗ ನ್ಯಾಯಾಲಯದಲ್ಲಿಯೇ ಅದನ್ನು ತಿಳಿಯಹೇಳಬೇಕೆಂದೂ ಕಾರ್ಯವಿಧಾನವು ವಿಧಿಸುತ್ತದೆ. ಭಾಷೆಯ ಪ್ರಶ್ನೆಯು ಬರಿಯ ಅಭಿಮಾನದ್ದಲ್ಲ. ೧೯೦೮ರಲ್ಲಿ ಲೋಕಮಾನ್ಯ ತಿಲಕರ ಮೇಲೆ ಮುಂಬಯಿಯಲ್ಲಿ ನಡೆದ ರಾಜದ್ರೋಹದ ಖಟ್ಲೆಯನ್ನು ನೋಡಿರಿ. ಲೇಖನಗಳು ಮರಾಠಿಯವು, ಪಂಚರಲ್ಲಿ ಏಳು ಜನ ಯುರೋಪಿಯನ್ನರು. ಮರಾಠಿಯನ್ನರಿಯದವರು ಇಂಗ್ಲಿಷ್ ಭಾಷಾಂತರವನ್ನು ಮುಂದಿಟ್ಟುಕೊಂಡು ತೂಗಿದರು. ಭಾಷಾಂತರವೇ ತಪ್ಪೆಂದು ತಿಲಕರು ವಾದಿಸಿದರು. ಏಳು ಮಂದಿ ದೋಷಿಯೆಂದರು, ಇಬ್ಬರು ಅಲ್ಲವೆಂದರು. ಆರು ವರ್ಷಗಳ ಶಿಕ್ಷೆಯಾಯಿತು.

ನಮ್ಮವರ ಪಾಡೂ ಅಂದು ಬೇರೆಯಾಗಿರಲಿಲ್ಲ. ಬೀದರ, ಕಲಬುರ್ಗಿ, ರಾಯಚೂರುಗಳ ಕನ್ನಡಿಗನು ಹೈದರಾಬಾದು ಸಂಸ್ಥಾನದಲ್ಲಿ ಉರ್ದು ಭಾಷೆಯ ನ್ಯಾಯಾಲಯದ ಮುಂದೆ ನಿಲ್ಲಬೇಕಾಗಿತ್ತು. ಧಾರವಾಡದವನ ಅಪೀಲು ಮುಂಬಯಿಗೂ, ಮಂಗಳೂರಿನವನದು ಮದರಾಸಿಗೂ ಹೋಗುತ್ತಿತ್ತು. ೧೯೫೬ರ ನವೆಂಬರ ೧ರಂದು ನಾಡು ಒಂದಾಗಿ, ಒಂದೇ ಉಚ್ಚ ನ್ಯಾಯಾಲಯದ ಆಶ್ರಯವು ದೊರೆಯಿತು. ೨೦೦೮ರಲ್ಲಿ ಧಾರವಾಡ, ಕಲಬುರ್ಗಿಗಳಲ್ಲಿ ಅದರ ಪೀಠಗಳು ಕೂಡಲಾರಂಭಿಸಿದವು. ಏಕೀಕರಣವೆಂದರೆ ನಕಾಶೆಯ ಮೇಲಿನ ಗೆರೆ ಮಾತ್ರವಲ್ಲ. ಕಟಕಟೆಯಲ್ಲಿ ನಿಂತ ಬಡವನು ನ್ಯಾಯವನ್ನು ತನ್ನ ಮಾತಿನಲ್ಲಿ ಕೇಳುವ ಹಕ್ಕೂ ಅದರೊಳಗಿತ್ತು. ೧೯೬೨ರಲ್ಲಿ ಹರಿಕಿಸನ್ ಎಂಬವರ ಖಟ್ಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಹೇಳಿತು. ಇಂಗ್ಲಿಷನ್ನರಿಯದವನಿಗೆ ಇಂಗ್ಲಿಷಿನಲ್ಲಿ ಬಂಧನದ ಕಾರಣಗಳನ್ನು ಕೊಟ್ಟರೆ ಅದು ತಿಳಿಸಿದಂತೆ ಆಗುವುದಿಲ್ಲ. ಅಂತಹ ಬಂಧನವು ನಿಲ್ಲದು. ಇಂದು ನಮ್ಮ ಕೆಳಗಿನ ನ್ಯಾಯಾಲಯಗಳಿಗೆ ಕನ್ನಡವು ನ್ಯಾಯಾಲಯದ ಭಾಷೆಯೆಂದು ಘೋಷಿತವಾಗಿದೆ. ಆದಾಗ್ಯೂ ಇಂಗ್ಲಿಷಿನಲ್ಲಿ ಓದಿದ ಆರೋಪಕ್ಕೆ ಅರ್ಥವಾಗದೆಯೇ ತಲೆಯಾಡಿಸುವ ಕೂಲಿಕಾರರನ್ನು ಈ ವೃತ್ತಿಯಲ್ಲಿರುವ ನಾವು ಕಂಡಿದ್ದೇವೆ. ಹಾಗೆ ಆಡಿದ ತಲೆಯು ತಪ್ಪನ್ನು ಒಪ್ಪಿತೋ ಬಡತನವನ್ನು ಒಪ್ಪಿತೋ, ಹೇಳುವವರು ಯಾರು?

ಮಹಾಶಯರೇ, ಈ ಕಲ್ಲುಗಳು ಅಲುಗಾಡದೆ ನಿಂತಿವೆಯೆಂದು ಹೇಳಿದರೆ ಅದು ಸುಳ್ಳಾಗುವುದು. ೧೯೧೯ರ ರೌಲಟ್ ಕಾಯಿದೆಯು ವಿಚಾರಣೆಯಿಲ್ಲದೆ ಬಂಧಿಸುವ ಅಧಿಕಾರವನ್ನು ಕೊಟ್ಟಾಗ, ವಕೀಲನಿಲ್ಲ, ದಲೀಲಿಲ್ಲ, ಅಪೀಲಿಲ್ಲವೆಂದು ದೇಶವೇ ಕೂಗಿತು. ಅಂದು ಇದ್ದುದು ಪರರ ರಾಜ್ಯ. ೧೯೭೫ರಲ್ಲಿ ನಮ್ಮದೇ ಸರಕಾರವು ತುರ್ತು ಪರಿಸ್ಥಿತಿಯನ್ನು ಸಾರಿ ಸಾವಿರಾರು ಜನರನ್ನು ಸೆರೆಯಲ್ಲಿಟ್ಟಿತು. ಬಂಧಿತರ ಅರ್ಜಿಗಳನ್ನು ಕೇಳಬಹುದೆಂದು ನಮ್ಮ ಕರ್ನಾಟಕದ್ದೂ ಸೇರಿ ಹಲವು ಉಚ್ಚ ನ್ಯಾಯಾಲಯಗಳು ಹೇಳಿದವು. ೧೯೭೬ರ ಏಪ್ರಿಲ್ ೨೮ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು ಕೇಳಲಾಗದೆಂದರು. ನ್ಯಾಯಮೂರ್ತಿ ಹಂಸರಾಜ ಖನ್ನಾ ಒಬ್ಬರೇ ಭಿನ್ನಮತವನ್ನು ಬರೆದರು. ಮರುವರ್ಷ ಅವರನ್ನು ಹಿಂದಿಕ್ಕಿ ಕಿರಿಯರನ್ನು ಮುಖ್ಯ ನ್ಯಾಯಾಧೀಶರನ್ನಾಗಿ ಮಾಡಿದಾಗ ಅವರು ರಾಜೀನಾಮೆಯಿತ್ತು ಹೊರಟುಹೋದರು. ತರುವಾಯ ೧೯೭೮ರ ೪೪ನೆಯ ತಿದ್ದುಪಡಿಯು ೨೦, ೨೧ನೆಯ ಅನುಚ್ಛೇದಗಳನ್ನು ತುರ್ತು ಕಾಲದಲ್ಲಿಯೂ ಅಮಾನತಿನಲ್ಲಿಡುವಂತಿಲ್ಲವೆಂದು ಮಾಡಿತು. ಆ ಬಹುಮತದ ತೀರ್ಪನ್ನು ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತಳ್ಳಿಹಾಕಿತು. ಅದನ್ನು ತಳ್ಳಿಹಾಕಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ.

ಇನ್ನೊಂದು ನಿದರ್ಶನವು ನಮ್ಮ ಕಾಡಂಚಿನದೇ. ೧೯೮೭ರ ಟಾಡಾ ಕಾಯಿದೆಯು ಪೋಲೀಸ ವರಿಷ್ಠಾಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಪುರಾವೆಯೆಂದು ಒಪ್ಪಿ, ಮೇಲೆ ಹೇಳಿದ ಮೂರನೆಯ ಕಲ್ಲನ್ನೇ ಕಿತ್ತಿತು. ವೀರಪ್ಪನ್ನನ ಬೇಟೆಯ ಕಾಲದಲ್ಲಿ ಗಡಿಯ ಹಳ್ಳಿಗಳ ನೂರಕ್ಕೂ ಮಿಕ್ಕಿದ ಬಡವರು ಅದರಡಿ ಸೆರೆಯಾಗಿ ಮೈಸೂರಿನ ಜೈಲನ್ನು ಸೇರಿದರು. ಕಾಯಿದೆಯು ೧೯೯೫ರಲ್ಲಿಯೇ ಅಳಿಯಿತು, ಖಟ್ಲೆಗಳು ಅಳಿಯಲಿಲ್ಲ. ೨೦೦೧ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯವು ಅವರಲ್ಲಿ ಬಹುಮಂದಿಯನ್ನು ನಿರ್ದೋಷಿಗಳೆಂದು ಬಿಟ್ಟಿತು. ಆದರೆ ಅಷ್ಟರಲ್ಲಿ ಎಷ್ಟೋ ವರ್ಷಗಳು ಕಂಬಿಗಳ ಹಿಂದೆ ಕಳೆದುಹೋಗಿದ್ದವು. ಬಿಡುಗಡೆಯ ಹುಕುಮು ಜೈಲಿನ ಬಾಗಿಲನ್ನು ತೆರೆಯಬಲ್ಲದು. ಕಳೆದ ಹರೆಯವನ್ನು ತಂದುಕೊಡಲಾರದು.

ವಿಶೇಷ ಕಾಯಿದೆಯಿಲ್ಲದೆಯೂ ಇದೇ ನಡೆಯುತ್ತದೆ. ಬಿಹಾರದ ಜೈಲುಗಳಲ್ಲಿ ತಮ್ಮ ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರ ಸಂಗತಿಯು ೧೯೭೯ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ಹೊರಬಿದ್ದಿತು. ಶೀಘ್ರ ವಿಚಾರಣೆಯು ಮೂಲಭೂತ ಹಕ್ಕೆಂದು ಆಗ ತೀರ್ಪಾಯಿತು. ಸರಕಾರದ ಲೆಕ್ಕದಂತೆ ೨೦೨೨ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ ೫,೭೩,೨೨೦ ಜನರಲ್ಲಿ ೪,೩೪,೩೦೨ ಜನ ವಿಚಾರಣಾಧೀನರು. ಎಂದರೆ ನಾಲ್ವರಲ್ಲಿ ಮೂವರಿಗೂ ಮಿಗಿಲಾಗಿ, ಕಾಯಿದೆಯ ಕಣ್ಣಿನಲ್ಲಿ ಇನ್ನೂ ನಿರ್ದೋಷಿಗಳು! ಜಾಮೀನು ದೊರೆತರೂ ಜಾಮೀನುದಾರನು ದೊರೆಯದೆ ಒಳಗೇ ಉಳಿದವರು ಇವರಲ್ಲಿರುವರು.

೨೦೨೪ರ ಜುಲೈ ೧ರಿಂದ ಹಳೆಯ ಮೂರು ಕಾಯಿದೆಗಳ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮಗಳು ಬಂದಿರುತ್ತವೆ. ದಂಡಸಂಹಿತೆಯ ೫೧೧ ಕಲಮುಗಳು ೩೫೮ಕ್ಕೆ ಇಳಿದಿವೆ. ಹೆಸರುಗಳು ಬದಲಾದುವೆಂದು ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಮೊದಲು ತಳಹದಿಯನ್ನು ನೋಡತಕ್ಕದ್ದು. ರುಜುವಾತಿನ ಹೊಣೆಯು ಆರೋಪಿಸಿದವನದೇ. ಪೋಲೀಸರ ಮುಂದಿನ ತಪ್ಪೊಪ್ಪಿಗೆಯ ನಿಷೇಧವು ೨೩ನೆಯ ಕಲಮಿನಲ್ಲಿ ಉಳಿದಿದೆ. ಶೋಧನೆಯ ಕಾರ್ಯವನ್ನು ದೃಶ್ಯ-ಧ್ವನಿಗಳಲ್ಲಿ ದಾಖಲಿಸಬೇಕೆಂಬುದೂ, ಯಾವ ಠಾಣೆಯಲ್ಲಾದರೂ ಫಿರ್ಯಾದಿ ಕೊಡಬಹುದೆಂಬುದೂ ಒಳ್ಳೆಯ ಸುಧಾರಣೆಗಳು. ಮೊದಲ ಸಲ ಸಿಕ್ಕಿದ ವಿಚಾರಣಾಧೀನನು, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧವಲ್ಲದಿದ್ದರೆ, ಗರಿಷ್ಠ ಶಿಕ್ಷೆಯ ಮೂರರಲ್ಲಿ ಒಂದು ಪಾಲನ್ನು ಒಳಗೆ ಕಳೆದ ಬಳಿಕ ಸಾಮಾನ್ಯವಾಗಿ ಬಿಡುಗಡೆ ಹೊಂದತಕ್ಕದ್ದು. ಇನ್ನೊಂದು ಪಕ್ಕದಲ್ಲಿ, ಹಿಂದೆ ಮೊದಲ ೧೫ ದಿನಗಳಿಗೆ ಸೀಮಿತವಾಗಿದ್ದ ಪೋಲೀಸ ವಶವನ್ನು ಈಗ ಅಪರಾಧಕ್ಕನುಸಾರವಾಗಿ ಮೊದಲ ೪೦ ಅಥವಾ ೬೦ ದಿನಗಳಲ್ಲಿ ಬಿಡಿಬಿಡಿಯಾಗಿ ಕೇಳಬಹುದು. ರಾಜದ್ರೋಹವೆಂಬ ಶಬ್ದವು ಹೋಯಿತು. ಆದರೆ ದೇಶದ ಸಾರ್ವಭೌಮತ್ವ ಹಾಗೂ ಏಕತೆಗಳ ಹೆಸರಿನ ೧೫೨ನೆಯ ಕಲಮು ಬಂದಿದೆ. ತಿಲಕ-ಗಾಂಧಿಯವರನ್ನು ಜೈಲಿಗೆ ಕಳಿಸಿದ ಕಲಮಿನ ಇತಿಹಾಸವನ್ನು ಬಲ್ಲವರು ಅದರ ಉಪಯೋಗವನ್ನು ಕಣ್ಣಿಟ್ಟು ನೋಡುತ್ತಿರಬೇಕು.

ಕೊನೆಯದಾಗಿ, ನಾವು ನೀವು ಮಾಡತಕ್ಕದ್ದೇನು? ಕಾಯಿದೆಯ ಪುಸ್ತಕವು ತಾನಾಗಿ ಎದ್ದು ಯಾರನ್ನೂ ಕಾಪಾಡುವುದಿಲ್ಲ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಫಿರ್ಯಾದಿಗೆ ಬಿಟ್ಟಿಯಾಗಿ ಕೊಡತಕ್ಕದ್ದೆಂಬುದನ್ನೂ, ಬಡವರಿಗೂ ಸ್ತ್ರೀಯರಿಗೂ ಬಂಧನದಲ್ಲಿರುವವರಿಗೂ ೧೯೮೭ರ ಕಾಯಿದೆಯ ಪ್ರಕಾರ ಸರಕಾರದ ವೆಚ್ಚದಲ್ಲಿ ವಕೀಲನು ದೊರೆಯುವನೆಂಬುದನ್ನೂ, ತಾಲೂಕಿನ ನ್ಯಾಯಾಲಯದಲ್ಲಿಯೇ ಅದರ ಸಮಿತಿಯಿರುವುದೆಂಬುದನ್ನೂ ನೆರೆಯವನಿಗೆ ಹೇಳಿರಿ. ಕಣ್ಣಾರೆ ಕಂಡುದನ್ನು ಕೋರ್ಟಿಗೆ ಬಂದು ಹೇಳುವ ಧೈರ್ಯವನ್ನು ಬೆಳೆಸಿರಿ. ಒಳ್ಳೆಯವರು ಸಾಕ್ಷಿ ಹೇಳಲು ಅಂಜಿದರೆ ಬಾಡಿಗೆಯ ಸಾಕ್ಷಿಗೆ ಬೆಲೆ ಬರುತ್ತದೆ. ಹಿಡಿದ ಮಾತ್ರಕ್ಕೆ ಕಳ್ಳನೆಂದು ಚಾವಡಿಯಲ್ಲಿ ತೀರ್ಪು ಕೊಡುವ ಚಟವನ್ನು ಬಿಡಿರಿ. ಶಿಕ್ಷಕ ಬಂಧುಗಳಲ್ಲಿ ವಿಶೇಷ ಬಿನ್ನಹವಿದೆ. ತರಗತಿಯಲ್ಲಿ ಒಂದು ಬಳಪ ಕಾಣೆಯಾದಾಗ, ಬಡವರ ಹುಡುಗನ ಚೀಲವನ್ನೇ ಮೊದಲು ತೆರೆಯಿಸುವಿರೋ, ಎಲ್ಲರ ಮಾತನ್ನೂ ಕೇಳಿ ವಿಚಾರಿಸುವಿರೋ? ಮಕ್ಕಳು ದಂಡನೀತಿಯ ಮೊದಲ ಪಾಠವನ್ನು ಅಲ್ಲಿಯೇ ಕಲಿಯುವರು.

ಬೇಲಿಯೇ ಎದ್ದು ಹೊಲವನ್ನು ಮೇಯದಂತೆ ಕಾಯುವ ಕಟ್ಟನ್ನು ನಮ್ಮ ಹಿಂದಿನವರು ಬಹು ಕಷ್ಟದಿಂದ ಕಟ್ಟಿಕೊಟ್ಟಿರುವರು. ಅದು ಕಳ್ಳನಿಗಾಗಿ ಹಾಕಿದ ಕಟ್ಟಲ್ಲ, ನಮ್ಮೆಲ್ಲರಿಗಾಗಿ ಹಾಕಿದುದು. ಅದನ್ನು ತಿಳಿದು, ತಿಳಿಸಿ, ಕಾಯ್ದುಕೊಳ್ಳುವುದು ಸ್ವತಂತ್ರ ಪ್ರಜೆಯ ಧರ್ಮವೆಂದು ಬಿನ್ನವಿಸುವೆವು.